ಯಾರ ಕೈಯ ಸಿರಿಂಜ್?

2009ರ ಜೂನ್ 27ರಂದು ಲಾಸ್ ಏಂಜಲೀಸ್ ಪೊಲೀಸರ ಇಬ್ಬರು ಪತ್ತೇದಾರರ ಎದುರು ಕೂತ ಹೃದ್ರೋಗ ತಜ್ಞ ಡಾ. ಕಾನ್ರಾಡ್ ಮರ್ರೆ ಒಂದು ಅಂಕಿ ಹೇಳಿದರು: 25 ಮಿಲಿಗ್ರಾಂ. ಎರಡು ದಿನದ ಹಿಂದೆ, ಪಾಪ್ ಗಾಯಕ ಮೈಕಲ್ ಜಾಕ್ಸನ್ ಸತ್ತ ದಿನ, ಬೆಳಿಗ್ಗೆ 10.40ರ ಸುಮಾರಿಗೆ ಅವರ ರಕ್ತನಾಳಕ್ಕೆ ತಾವು ಕೊಟ್ಟ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಅಷ್ಟೇ ಎಂದರು.

ಈ ಔಷಧ ಬಾಟಲಿಯಲ್ಲಿ ಬರುವುದು ಮಿಲಿಲೀಟರಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ. 25 ಮಿಲಿಗ್ರಾಂ ಅಂದರೆ ಎರಡೂವರೆ ಮಿಲಿಲೀಟರ್, ಟೀ ಚಮಚದ ಅರ್ಧದಷ್ಟು. ಆಪರೇಷನ್ನಿಗೆ ಮುನ್ನ ಆರೋಗ್ಯವಂತ ವಯಸ್ಕರ ಪ್ರಜ್ಞೆ ತಪ್ಪಿಸಲು ದೇಹತೂಕದ ಪ್ರತಿ ಕಿಲೋಗೆ ಒಂದೂವರೆಯಿಂದ ಎರಡೂವರೆ ಮಿಲಿಗ್ರಾಂ ಬೇಕು. ಜಾಕ್ಸನ್ ತೂಕ ಸುಮಾರು 62 ಕಿಲೋ. ಆ ಲೆಕ್ಕದಲ್ಲಿ ಕಡಿಮೆಯೆಂದರೂ 90 ಮಿಲಿಗ್ರಾಂ ದಾಟಬೇಕು. ವೈದ್ಯರು ಹೇಳಿದ್ದು ಅದರ ಮೂರನೇ ಒಂದು ಪಾಲಿಗೂ ಕಮ್ಮಿ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ತೊಡೆಯ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸಿಕ್ಕ ಪ್ರೊಪೊಫಾಲ್ ಮಿಲಿಲೀಟರಿಗೆ 2.6 ಮೈಕ್ರೊಗ್ರಾಂ. ಹೊಟ್ಟೆ ಕೊಯ್ದು ದೊಡ್ಡ ಶಸ್ತ್ರಚಿಕಿತ್ಸೆ ಮಾಡುವಾಗ ರೋಗಿಯ ರಕ್ತದಲ್ಲಿ ಇರುವ ಮಟ್ಟ ಅದು.

ಅರ್ಧ ಚಮಚದ ಮಾತಿಗೂ ರಕ್ತದ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಎರಡು ವರ್ಷದ ನಂತರ ಕೋರ್ಟಿನಲ್ಲಿ ವಾರಗಟ್ಟಲೆ ವಾದ ನಡೆದದ್ದು ಬಹುಪಾಲು ಈ ಅಂತರವನ್ನು ಹಿಡಿದೇ. ಉಳಿದದ್ದನ್ನು ಯಾರು ಕೊಟ್ಟರು? ಡಾಕ್ಟರೋ, ರೋಗಿಯೇ ತೆಗೆದುಕೊಂಡರೋ?

ಮೊದಲು ಔಷಧದ ಕಥೆ. ಪ್ರೊಪೊಫಾಲ್ ಹುಟ್ಟಿದ್ದು ಇಂಗ್ಲೆಂಡಿನ ಚೆಷೈರ್‌ನಲ್ಲಿ, ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ, 1970ರ ದಶಕದಲ್ಲಿ. ಅದರ ಹಿಂದೆ ಬಿದ್ದವರು ಜಾನ್ ಗ್ಲೆನ್ ಎಂಬ ಸ್ಕಾಟ್ಲೆಂಡಿನ ಪಶುವೈದ್ಯ. ಆಗ ಚಾಲ್ತಿಯಲ್ಲಿದ್ದ ಥಯೋಪೆಂಟಾಲ್ ರೋಗಿಯನ್ನು ಬೇಗ ಮಲಗಿಸುತ್ತಿತ್ತು, ಆದರೆ ಎದ್ದ ಮೇಲೂ ಗಂಟೆಗಟ್ಟಲೆ ಮಂಪರು ಬಿಡುತ್ತಿರಲಿಲ್ಲ. ಗ್ಲೆನ್‌ಗೆ ಬೇಕಿದ್ದದ್ದು ಥಟ್ಟನೆ ಮಲಗಿಸಿ, ನಿಲ್ಲಿಸಿದೊಡನೆ ಥಟ್ಟನೆ ಎಬ್ಬಿಸುವ ವಸ್ತು. ಸಿಕ್ಕಿದ್ದು ನೀರಿನಲ್ಲಿ ಕರಗದ ಎಣ್ಣೆಯಂಥ ದ್ರವ. ಕ್ರೆಮೊಫಾರ್ ಎಂಬ ದ್ರಾವಕದಲ್ಲಿ ಕರಗಿಸಿ ಕೊಟ್ಟಾಗ ಕೆಲವು ರೋಗಿಗಳಿಗೆ ತೀವ್ರ ಅಲರ್ಜಿಯಾಗಿ ಆ ಪ್ರಯೋಗ ನಿಂತೇ ಹೋಯಿತು. ಕೊನೆಗೆ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಜೊತೆ ಕಲಕಿ ಹಾಲಿನ ಬಣ್ಣದ ಮಿಶ್ರಣ ಮಾಡಿದರು. 1986ರಲ್ಲಿ ಬ್ರಿಟನ್ನಿನಲ್ಲಿ ಡಿಪ್ರಿವಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವತ್ತು ಜಗತ್ತಿನ ಯಾವ ಆಪರೇಷನ್ ಥಿಯೇಟರಿಗೆ ಹೋದರೂ ಟ್ರೇಯಲ್ಲಿ ಆ ಬಿಳಿ ಸಿರಿಂಜ್ ಇರುತ್ತದೆ. ಗ್ಲೆನ್ ಅವರಿಗೆ 2018ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನಿಮಗೋ ನಿಮ್ಮ ಮನೆಯವರಿಗೋ ಇತ್ತೀಚಿನ ವರ್ಷಗಳಲ್ಲಿ ಆಪರೇಷನ್ ಆಗಿದ್ದರೆ, ಕೈಗೆ ಚುರ್ರೆಂದು ಉರಿ ಹತ್ತಿ, ಮರುಕ್ಷಣ ಏನೂ ನೆನಪಿಲ್ಲ ಎಂದಾಗಿದ್ದರೆ, ಅದು ಇದರದೇ ಕೆಲಸ ಇರಬಹುದು. ಆ ಉರಿ ತಡೆಯಲೆಂದೇ ಜೊತೆಗೆ ಲಿಡೊಕೇನ್ ಕೊಡುವುದುಂಟು.

ಜಾಕ್ಸನ್ ಇದನ್ನು ತಮ್ಮ ‘ಹಾಲು’ ಎನ್ನುತ್ತಿದ್ದರಂತೆ. ಹೇಳಿದ್ದು ಮರ್ರೆ.

ಮೆದುಳಿನಲ್ಲಿ ಗ್ಯಾಬಾ ಎಂಬ ರಾಸಾಯನಿಕ ಇದೆ. ನರಕೋಶಗಳನ್ನು ಸುಮ್ಮನಾಗಿಸುವುದು ಅದರ ಕೆಲಸ. ಅದು ನರಕೋಶದ ಮೇಲಿನ ಗ್ರಾಹಕಕ್ಕೆ ಅಂಟಿದಾಗ ಒಂದು ಸೂಕ್ಷ್ಮ ನಾಳ ತೆರೆದು ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ, ಕೋಶದ ಚಟುವಟಿಕೆ ತಗ್ಗುತ್ತದೆ. ಪ್ರೊಪೊಫಾಲ್ ಆ ನಾಳ ಇನ್ನಷ್ಟು ಹೊತ್ತು ತೆರೆದೇ ಇರುವಂತೆ ಮಾಡುತ್ತದೆ. ಡಯಾಜೆಪಾಮ್, ಲೊರಾಜೆಪಾಮ್, ಮಿಡಾಜೊಲಾಮ್ ಮುಂತಾದ ನಿದ್ರೆ ಔಷಧಗಳೂ ಇದೇ ಗ್ರಾಹಕಕ್ಕೆ ಅಂಟುತ್ತವೆ, ಬೇರೆ ಜಾಗದಲ್ಲಿ. ಆದ್ದರಿಂದ ಎರಡು ಬಗೆಯವನ್ನೂ ಒಟ್ಟಿಗೆ ಕೊಟ್ಟರೆ ಒಂದಕ್ಕೊಂದು ಕೂಡಿ ಎರಡಾಗುವುದಿಲ್ಲ, ಅದಕ್ಕಿಂತ ಜಾಸ್ತಿಯಾಗುತ್ತದೆ. ಸುಮ್ಮನಾಗುವುದು ಯೋಚಿಸುವ ಮೆದುಳು ಮಾತ್ರವಲ್ಲ, ಉಸಿರಾಡು ಎಂದು ಪ್ರತಿ ಕ್ಷಣ ಆಜ್ಞೆ ಕೊಡುವ ಮೆದುಳುಕಾಂಡವೂ ಸುಮ್ಮನಾಗತೊಡಗುತ್ತದೆ. ಗಂಟಲಿನ ಸ್ನಾಯು ಸಡಿಲಾಗಿ ನಾಲಿಗೆ ಹಿಂದಕ್ಕೆ ಜಾರಿ ಗಾಳಿಯ ದಾರಿ ಮುಚ್ಚುತ್ತದೆ.

ಇದೇನೂ ಅಪರೂಪದ ಅಡ್ಡಪರಿಣಾಮ ಅಲ್ಲ, ಔಷಧದ ಗುಣವೇ ಅದು. ಥಿಯೇಟರಿನಲ್ಲಿ ದಿನಾಲೂ ಆಗುತ್ತದೆ. ಅಲ್ಲಿ ಅರಿವಳಿಕೆ ತಜ್ಞರು ರೋಗಿಯ ತಲೆಯ ಬಳಿಯೇ ನಿಂತಿರುತ್ತಾರೆ. ಗದ್ದ ಎತ್ತಿ ಹಿಡಿಯುತ್ತಾರೆ, ಮುಖಕ್ಕೆ ಮಾಸ್ಕ್ ಒತ್ತಿ ಚೀಲ ಅದುಮಿ ಗಾಳಿ ಕೊಡುತ್ತಾರೆ. ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಗೆರೆ ಬರೆಯುತ್ತಿರುತ್ತದೆ, ರಕ್ತದ ಆಮ್ಲಜನಕ ಇಳಿದರೆ ಅಲಾರಂ ಕೂಗುತ್ತದೆ. ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ, ರೋಗಿಗೆ ಗೊತ್ತೂ ಆಗುವುದಿಲ್ಲ. ಯಾರೂ ನೋಡುತ್ತಿಲ್ಲದಿದ್ದರೆ ಅದೇ ಒಂದೆರಡು ನಿಮಿಷ ನಾಲ್ಕಾಗಿ, ಐದಾಗಿ ಮೆದುಳಿನ ಕೋಶಗಳು ಸಾಯತೊಡಗುತ್ತವೆ.

ಇನ್ನು ಲಾಸ್ ಏಂಜಲೀಸ್‌ನ ಆ ಬಾಡಿಗೆ ಬಂಗಲೆಯ ಮಲಗುವ ಕೋಣೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಒಂದು ಇತ್ತು, ಅಂಕಿ ತೋರಿಸುತ್ತಿತ್ತು, ಅಲಾರಂ ಇರಲಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೆ ಬಂತಲ್ಲ, ಹೆಚ್ಚುಕಮ್ಮಿ ಅಂಥದೇ. ಅದು ಉಪಯೋಗಕ್ಕೆ ಬರಬೇಕಾದರೆ ಒಬ್ಬರು ಕೂತು ಕಣ್ಣು ಕೀಳದೆ ನೋಡುತ್ತಿರಬೇಕು. ಉಸಿರಿನ ಗೆರೆ ಬರೆಯುವ ಯಂತ್ರ ಇಲ್ಲ. ಡ್ರಿಪ್ಪಿನ ವೇಗ ಕಾಯುವ ಪಂಪ್ ಇಲ್ಲ. ಮರ್ರೆ ಬರೆದಿಟ್ಟ ಒಂದು ಚೀಟಿಯೂ ಇಲ್ಲ: ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ, ನಾಡಿ ಎಷ್ಟಿತ್ತು, ಏನೂ ಇಲ್ಲ. ಆರು ವಾರ, ಹೆಚ್ಚುಕಮ್ಮಿ ಪ್ರತಿ ರಾತ್ರಿ, ನಿದ್ರೆಗೆಂದು ಈ ಔಷಧ ಕೊಟ್ಟಿದ್ದಾಗಿ ಮರ್ರೆ ತಾವೇ ಹೇಳಿಕೊಂಡರು. ಲಾಸ್ ವೇಗಾಸ್‌ನ ಔಷಧ ಅಂಗಡಿಯಿಂದ ಅವರು ತರಿಸಿದ್ದು 255 ಬಾಟಲಿ, 15 ಲೀಟರ್ ದಾಟುತ್ತದೆ ಎಂದು ಪ್ರಾಸಿಕ್ಯೂಷನ್ ಲೆಕ್ಕ ಕೊಟ್ಟಿತು. ಒಬ್ಬ ರೋಗಿಗೆ.

ನಿದ್ರೆಗೆಂದು ಎಂದೆ. ಪ್ರೊಪೊಫಾಲ್ ನಿದ್ರೆ ತರುವುದಿಲ್ಲ. ಕಣ್ಣು ಮುಚ್ಚಿಸುತ್ತದೆ, ಗಂಟೆಗಳು ಕಳೆದು ಹೋಗುತ್ತವೆ, ಎದ್ದವರಿಗೆ ಹಾಯೆನಿಸಲೂಬಹುದು. ಆದರೆ ಸಹಜ ನಿದ್ರೆಯಲ್ಲಿ ಆಳದ ನಿದ್ರೆ, ಕನಸಿನ ನಿದ್ರೆ ಎಂದು ಮೆದುಳು ಸುತ್ತು ಸುತ್ತಾಗಿ ಹೋಗಿಬರುತ್ತದೆ. ತಟ್ಟಿದರೆ ಎಚ್ಚರಾಗುತ್ತದೆ. ಅರಿವಳಿಕೆಯಲ್ಲಿ ಚರ್ಮ ಕೊಯ್ದರೂ ಎಚ್ಚರಾಗುವುದಿಲ್ಲ. ಔಷಧ ನಿಲ್ಲಿಸಿದರೆ ಹಿಂತಿರುಗಬಹುದಾದ ಕೋಮಾಕ್ಕೆ ಅದು ಹತ್ತಿರ. ಪ್ರತಿವಾದಿ ವಕೀಲರು ಚೀನಾದ ಒಂದು ಅಧ್ಯಯನ ತೋರಿಸಿದರು, ಬಹಳ ಕಾಲದ ನಿದ್ರಾಹೀನತೆಗೆ ಪ್ರೊಪೊಫಾಲ್ ಕೊಟ್ಟು ನೋಡಿದ್ದು. ಅದು ಪ್ರಕಟವಾದದ್ದು ಜಾಕ್ಸನ್ ತೀರಿಕೊಂಡ ಮೇಲೆ, ಮತ್ತು ಆ ರೋಗಿಗಳ ಮೇಲೆ ಆಸ್ಪತ್ರೆಯಲ್ಲಿ ನಿಗಾ ಇತ್ತು.

ಜಾಕ್ಸನ್‌ಗೆ ಆಗ 50 ವರ್ಷ. ಜುಲೈಯಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಅವರ 50 ಪ್ರದರ್ಶನಗಳ ಸರಣಿ ಶುರುವಾಗಬೇಕಿತ್ತು. ಟಿಕೆಟ್ ಮಾರಿಯಾಗಿತ್ತು. ತಾಲೀಮು ಮುಗಿಸಿ ನಡುರಾತ್ರಿ ಬಂದವರಿಗೆ ನಿದ್ರೆ ಹತ್ತುತ್ತಿರಲಿಲ್ಲ. ಜೂನ್ 25ರ ನಸುಕಿನ ಬಗ್ಗೆ ಮರ್ರೆ ಕೊಟ್ಟ ಹೇಳಿಕೆ ಹೀಗಿದೆ. ಒಂದೂವರೆಗೆ ಡಯಾಜೆಪಾಮ್ ಮಾತ್ರೆ 10 ಮಿಲಿಗ್ರಾಂ. ಎರಡಕ್ಕೆ ಲೊರಾಜೆಪಾಮ್ ಇಂಜೆಕ್ಷನ್ 2 ಮಿಲಿಗ್ರಾಂ. ಮೂರಕ್ಕೆ ಮಿಡಾಜೊಲಾಮ್ 2. ಐದಕ್ಕೆ ಮತ್ತೆ ಲೊರಾಜೆಪಾಮ್. ಏಳೂವರೆಗೆ ಮತ್ತೆ ಮಿಡಾಜೊಲಾಮ್. ಬೆಳಗಾದರೂ ನಿದ್ರೆಯಿಲ್ಲ. ನಿದ್ರೆ ಬರದಿದ್ದರೆ ತಾಲೀಮು ರದ್ದು ಮಾಡಬೇಕಾಗುತ್ತದೆ ಎಂದು ಜಾಕ್ಸನ್ ಹಾಲು ಕೇಳುತ್ತಲೇ ಇದ್ದರು. ಪ್ರೊಪೊಫಾಲ್ ಚಟದಿಂದ ಅವರನ್ನು ಬಿಡಿಸುವ ಪ್ರಯತ್ನದಲ್ಲಿದ್ದೆ, ಆದರೂ ಕೊನೆಗೆ ಕೊಟ್ಟೆ, 25 ಮಿಲಿಗ್ರಾಂ. ನೋಡುತ್ತ ಕೂತೆ. ಎಲ್ಲ ಸರಿ ಇದೆ ಎನಿಸಿದ ಮೇಲೆ ಶೌಚಾಲಯಕ್ಕೆ ಹೋಗಿ ಎರಡು ನಿಮಿಷದಲ್ಲಿ ಬಂದೆ. ಉಸಿರು ನಿಂತಿತ್ತು.

ಆ ಎರಡು ನಿಮಿಷವನ್ನು ಟೆಲಿಫೋನ್ ಕಂಪನಿಯ ದಾಖಲೆ ನಂಬಲಿಲ್ಲ. 11.17ಕ್ಕೆ ಮರ್ರೆ ಲಂಡನ್ನಿನ ವಿಮಾ ದಲ್ಲಾಳಿಗೆ ಇಮೇಲ್ ಕಳಿಸಿದ್ದರು, ಜಾಕ್ಸನ್ ಅವರ ವೈದ್ಯಕೀಯ ದಾಖಲೆ ಕೊಡಲಾಗದು ಎಂದು. 11.18ರಿಂದ ಅರ್ಧ ಗಂಟೆ ತಮ್ಮ ಕ್ಲಿನಿಕ್ಕಿನ ಜೊತೆ ಫೋನಿನಲ್ಲಿದ್ದರು. ಆಮೇಲೂ ಕರೆಗಳು. 11.51ಕ್ಕೆ ಒಬ್ಬ ಗೆಳತಿಗೆ ಕರೆ. ಮಾತಿನ ನಡುವೆ ಆ ಕಡೆಯಿಂದ ಸದ್ದು ನಿಂತುಹೋಯಿತು, ಗೊಣಗು ಮತ್ತು ಕೆಮ್ಮು ಕೇಳಿಸಿತು ಎಂದು ಆಕೆ ಸಾಕ್ಷಿ ನುಡಿದರು. 12.12ಕ್ಕೆ ಮರ್ರೆ ಜಾಕ್ಸನ್ ಸಹಾಯಕರಿಗೆ ಫೋನ್ ಮಾಡಿದರು. ತುರ್ತು ಸೇವೆಯ 911ಕ್ಕೆ ಕರೆ ಹೋದದ್ದು 12.21ಕ್ಕೆ, ಅದೂ ಭದ್ರತಾ ಸಿಬ್ಬಂದಿಯೊಬ್ಬರಿಂದ. ಆಂಬುಲೆನ್ಸ್ ಬರಲು ಹಿಡಿದದ್ದು ಐದೇ ನಿಮಿಷ. ಬಂದವರು ಏನೇನು ಕೊಟ್ಟಿದ್ದೀರಿ ಎಂದು ಕೇಳಿದಾಗ ಮರ್ರೆ ಲೊರಾಜೆಪಾಮ್ ಹೆಸರು ಹೇಳಿದರು. ಪ್ರೊಪೊಫಾಲ್ ಹೆಸರು ಹೇಳಲಿಲ್ಲ. ಆಸ್ಪತ್ರೆಯ ಡಾಕ್ಟರುಗಳಿಗೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ಹೇಳಿದ್ದರೂ ಜೀವ ಉಳಿಯುತ್ತಿರಲಿಲ್ಲವೇನೋ. ಡಯಾಜೆಪಾಮ್ ಬಳಗದ ಔಷಧಗಳಿಗೆ ಪ್ರತಿಮದ್ದು ಇದೆ, ಫ್ಲುಮಾಜೆನಿಲ್. ಅದನ್ನು ಮರ್ರೆ ಕೊಟ್ಟಿದ್ದರು. ಪ್ರೊಪೊಫಾಲ್‌ಗೆ ಪ್ರತಿಮದ್ದೇ ಇಲ್ಲ. ಗಾಳಿ ಕೊಡುವುದೊಂದೇ ಮದ್ದು, ಅದೂ ಉಸಿರು ನಿಂತ ಕೂಡಲೇ. ಆದರೂ ಆ ಹೆಸರು ಬಾಯಿಗೆ ಬರದೇ ಹೋದದ್ದನ್ನು ಜ್ಯೂರಿಗಳು ಮರೆಯುವಂತಿರಲಿಲ್ಲ.

2011ರ ಸೆಪ್ಟೆಂಬರ್ ಕೊನೆಯಲ್ಲಿ ವಿಚಾರಣೆ ಶುರುವಾಯಿತು. ಔಷಧ ವಿಜ್ಞಾನದ ಪಾಠ ನಡೆದದ್ದು ಇಬ್ಬರು ಅರಿವಳಿಕೆ ತಜ್ಞರ ನಡುವೆ. ಪ್ರಾಸಿಕ್ಯೂಷನ್ ಪರ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಶೇಫರ್. ಪ್ರತಿವಾದಿ ಪರ ಪಾಲ್ ವೈಟ್, ಪ್ರೊಪೊಫಾಲ್ ಸಂಶೋಧನೆಯ ಮೊದಲ ತಲೆಮಾರಿನವರು. ಇಬ್ಬರೂ ಹಳೆಯ ಪರಿಚಿತರು.

ರಕ್ತನಾಳಕ್ಕೆ ಹೋದ ಪ್ರೊಪೊಫಾಲ್ ಅರ್ಧ-ಒಂದು ನಿಮಿಷದಲ್ಲಿ ಮೆದುಳು ತಲುಪುತ್ತದೆ, ಅಲ್ಲಿ ರಕ್ತಸಂಚಾರ ಜಾಸ್ತಿ. ಆಮೇಲೆ ಸ್ನಾಯುಗಳಿಗೆ, ಕೊಬ್ಬಿಗೆ ಹಂಚಿಹೋಗುತ್ತದೆ. ಮೆದುಳಿನಲ್ಲಿ ಮಟ್ಟ ಇಳಿಯುತ್ತದೆ, ಐದು-ಹತ್ತು ನಿಮಿಷಕ್ಕೆ ಮನುಷ್ಯ ಏಳುತ್ತಾನೆ. ಗ್ಲೆನ್ ಹುಡುಕಿದ್ದೇ ಈ ಗುಣವನ್ನು. 10.40ಕ್ಕೆ ಕೊಟ್ಟ 25 ಮಿಲಿಗ್ರಾಂ ಹನ್ನೊಂದರ ಹೊತ್ತಿಗೆ ಲೆಕ್ಕಕ್ಕೇ ಇರುವುದಿಲ್ಲ. ಹೃದಯ ನಿಂತ ಕ್ಷಣದಲ್ಲಿ ರಕ್ತದ ಓಡಾಟವೂ ನಿಲ್ಲುವುದರಿಂದ ಆಗ ಇದ್ದ ಮಟ್ಟ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹಾಗಾದರೆ 2.6 ಮೈಕ್ರೊಗ್ರಾಂ ಎಲ್ಲಿಂದ ಬಂತು?

ಶೇಫರ್ ಉತ್ತರ: ಡ್ರಿಪ್. ಸಲೈನ್ ಚೀಲವನ್ನು ಸೀಳಿ ಅದರೊಳಗೆ ಪ್ರೊಪೊಫಾಲ್ ಬಾಟಲಿ ಇಟ್ಟದ್ದನ್ನು ಕಂಡೆ ಎಂದು ಭದ್ರತಾ ಸಿಬ್ಬಂದಿ ಹೇಳಿದ್ದರು. ಶೇಫರ್ ಕೋರ್ಟಿಗೇ ಬಾಟಲಿ, ನಳಿಕೆ ತಂದು ತೂಗುಹಾಕಿ ತೋರಿಸಿದರು. 100 ಮಿಲಿಲೀಟರಿನ ಬಾಟಲಿ ಅಂದರೆ 1000 ಮಿಲಿಗ್ರಾಂ. ಪಂಪ್ ಇಲ್ಲದ ಡ್ರಿಪ್ಪಿಗೆ ರೋಗಿ ಉಸಿರಾಡುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ, ಹೃದಯ ನಿಲ್ಲುವವರೆಗೂ ಇಳಿಯುತ್ತಲೇ ಇರುತ್ತದೆ.

ವೈಟ್ ಉತ್ತರ: ಜಾಕ್ಸನ್ ತಾವೇ ಹೆಚ್ಚುವರಿ ಲೊರಾಜೆಪಾಮ್ ಮಾತ್ರೆ ನುಂಗಿದರು, ವೈದ್ಯರು ಹೊರಗಿದ್ದಾಗ ಸಿರಿಂಜಿನಲ್ಲಿ ಉಳಿದಿದ್ದ ಪ್ರೊಪೊಫಾಲನ್ನು ತಾವೇ ಒಮ್ಮೆಲೆ ಚುಚ್ಚಿಕೊಂಡರು. ಹೊಟ್ಟೆಯಲ್ಲಿ ಲೊರಾಜೆಪಾಮ್ ಸಿಕ್ಕಿದ್ದು ಅವರ ಆಧಾರ. ಸಿಕ್ಕಿದ್ದು ಎಷ್ಟು ಎಂದು ಶೇಫರ್ ಲೆಕ್ಕ ಹಾಕಿದರು: ಒಂದು ಮಾತ್ರೆಯ 43ನೇ ಒಂದು ಭಾಗ. ಜಾಕ್ಸನ್ ಪ್ರೊಪೊಫಾಲ್ ಕುಡಿದಿರಬಹುದು ಎಂಬ ವಾದವೂ ಇತ್ತು. ಹೊಟ್ಟೆಗೆ ಹೋದ ಪ್ರೊಪೊಫಾಲ್ ಯಕೃತ್ತನ್ನು ದಾಟಿ ಮೆದುಳಿಗೆ ಬರುವ ಹೊತ್ತಿಗೆ ಬಹುಪಾಲು ಒಡೆದುಹೋಗುತ್ತದೆ. ಆ ವಾದವನ್ನು ವಿಚಾರಣೆಯ ನಡುವೆಯೇ ಕೈಬಿಟ್ಟರು.

ಮಾದರಿಗಳು, ಗ್ರಾಫುಗಳು, ಮೂತ್ರದ ಲೆಕ್ಕ ಎಂದು ದಿನಗಟ್ಟಲೆ ಜಗ್ಗಾಟ ನಡೆಯಿತು. ನನ್ನ ಮಟ್ಟಿಗೆ ಇಡೀ ವಿಚಾರಣೆಯ ತಿರುಳು ಇರುವುದು ಶೇಫರ್ ಹೇಳಿದ ಇನ್ನೊಂದು ಮಾತಿನಲ್ಲಿ: ರೋಗಿಯೇ ಚುಚ್ಚಿಕೊಂಡರು ಎಂದು ಒಪ್ಪಿದರೂ ಏನೂ ಬದಲಾಗುವುದಿಲ್ಲ. ಚಟಕ್ಕೆ ಬಿದ್ದವನೆಂದು ವೈದ್ಯರಿಗೇ ಗೊತ್ತಿರುವ ರೋಗಿಯ ಕೈಗೆಟಕುವಷ್ಟು ಹತ್ತಿರ ತುಂಬಿದ ಸಿರಿಂಜ್ ಬಿಟ್ಟು, ಆಗಲೇ ರಾತ್ರಿಯಿಡೀ ನಿದ್ರೆ ಔಷಧ ಕೊಟ್ಟಿದ್ದವರನ್ನು ಒಂಟಿಯಾಗಿ ಬಿಟ್ಟು, ಎದ್ದು ಹೋದವರು ಯಾರು? ರಕ್ತದ ಅಂಕಿ ಏನೇ ಇರಲಿ, ಕೈ ಯಾರದೇ ಇರಲಿ, ಉಸಿರು ನಿಂತ ಆ ಹೊತ್ತಿನಲ್ಲಿ ಗದ್ದ ಎತ್ತಿ ಹಿಡಿಯಲು ಒಬ್ಬರು ಇದ್ದಿದ್ದರೆ ಸಾಕಿತ್ತು. ಮರ್ರೆ ಮಾಡಿದ 17 ಘೋರ ಲೋಪಗಳನ್ನು ಶೇಫರ್ ಪಟ್ಟಿ ಮಾಡಿದರು. ವೈಟ್ ಕೂಡ ಪಾಟೀಸವಾಲಿನಲ್ಲಿ, ತಾವಾಗಿದ್ದರೆ ಮನೆಯ ಮಲಗುವ ಕೋಣೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ ಎಂದು ಒಪ್ಪಿಕೊಂಡರು.

ಮರ್ರೆ ಓದದವರೋ ನಕಲಿ ವೈದ್ಯರೋ ಅಲ್ಲ. ಅವರ ಕ್ಲಿನಿಕ್ಕಿನ ಹಳೆಯ ರೋಗಿಗಳು ಬಂದು, ದುಡ್ಡಿಲ್ಲದಿದ್ದರೂ ನೋಡಿದರು, ನಮ್ಮ ಜೀವ ಉಳಿಸಿದರು ಎಂದು ಸಾಕ್ಷಿ ಹೇಳಿದರು. ಅದೂ ನಿಜವೇ ಇರಬೇಕು. ಆದರೆ ಜಾಕ್ಸನ್ ಜೊತೆಗಿನ ಒಪ್ಪಂದದಲ್ಲಿ ಅವರಿಗೆ ತಿಂಗಳಿಗೆ ಒಂದೂವರೆ ಲಕ್ಷ ಡಾಲರ್ ನಿಗದಿಯಾಗಿತ್ತು. ಅವರು ಸಾಲದಲ್ಲಿದ್ದರು. ಬೇರೆ ರೋಗಿಗಳನ್ನೆಲ್ಲ ಬಿಟ್ಟು ಒಬ್ಬರಿಗಾಗಿ ಬಂದಿದ್ದರು. ರೋಗಿಯ ಕೋರಿಕೆಗೆ ಆಗುವುದಿಲ್ಲ ಎನ್ನುವ ಡಾಕ್ಟರ್ ನಮ್ಮ ಊರಿನ ಕ್ಲಿನಿಕ್ಕಿನಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ ಒಬ್ಬ ಗಿರಾಕಿಯನ್ನು. ‘ಒಂದು ಇಂಜೆಕ್ಷನ್ ಹಾಕ್ಬಿಡಿ ಡಾಕ್ಟ್ರೇ’ ಎಂದವರು ಪಕ್ಕದ ಬೀದಿಗೆ ಹೋಗುತ್ತಾರೆ, ಅಷ್ಟೇ. ಮರ್ರೆ ಕಳೆದುಕೊಳ್ಳುತ್ತಿದ್ದದ್ದು ತಮ್ಮ ಇಡೀ ಗಳಿಕೆಯನ್ನು. ಯಜಮಾನ ಹೇಳಿದ್ದಕ್ಕೆ ಹೂಂ ಎನ್ನುವ ನೌಕರನಂತೆ ಅವರು ನಡೆದುಕೊಂಡರು, ವೈದ್ಯನಂತಲ್ಲ ಎಂದು ಶೇಫರ್ ಅಂದದ್ದು ಇದನ್ನೇ.

ಆಗುವುದಿಲ್ಲ ಎಂದವರೂ ಇದ್ದರು. 2009ರ ವಸಂತದಲ್ಲಿ ಜಾಕ್ಸನ್ ತಮಗೆ ಪೌಷ್ಟಿಕ ಆಹಾರದ ಸಲಹೆ ಕೊಡುತ್ತಿದ್ದ ನರ್ಸ್ ಒಬ್ಬರ ಬಳಿ ಡಿಪ್ರಿವಾನ್ ಕೇಳಿದ್ದರು. ಆಕೆಗೆ ಆ ಔಷಧದ ಪರಿಚಯ ಇರಲಿಲ್ಲ. ವಿಚಾರಿಸಿ, ಔಷಧಕೋಶ ತೆಗೆದು ಓದಿ, ಇದನ್ನು ಮನೆಯಲ್ಲಿ ತೆಗೆದುಕೊಂಡರೆ ನೀವು ಏಳದೇ ಹೋಗಬಹುದು ಎಂದು ಹೇಳಿ ನಿರಾಕರಿಸಿದರು. ಯಾರಾದರೂ ಪಕ್ಕದಲ್ಲಿ ನಿಗಾ ವಹಿಸಿ ಕೂತಿದ್ದರೆ ಏನೂ ಆಗುವುದಿಲ್ಲ ಎಂಬುದು ಜಾಕ್ಸನ್ ಉತ್ತರವಾಗಿತ್ತು ಎಂದು ಆಕೆ ಕೋರ್ಟಿನಲ್ಲಿ ಹೇಳಿದರು. ಮಲಗುವ ಕೋಣೆ ಅದಕ್ಕೆ ತಕ್ಕ ಜಾಗವಲ್ಲ ಎಂಬುದನ್ನು ಬಿಟ್ಟರೆ, ರೋಗಿಗೆ ಷರತ್ತು ಸರಿಯಾಗಿಯೇ ತಿಳಿದಿತ್ತು.

2011ರ ನವೆಂಬರ್ 7ರಂದು ಜ್ಯೂರಿ ಮರ್ರೆ ತಪ್ಪಿತಸ್ಥರೆಂದಿತು. ಅಪರಾಧ, ಉದ್ದೇಶವಿಲ್ಲದ ನರಹತ್ಯೆ. ನ್ಯಾಯಾಧೀಶ ಮೈಕಲ್ ಪ್ಯಾಸ್ಟರ್ ಗರಿಷ್ಠ ಶಿಕ್ಷೆ ಕೊಟ್ಟರು, ನಾಲ್ಕು ವರ್ಷ. ಅವರನ್ನು ವಿಶೇಷವಾಗಿ ಕೆರಳಿಸಿದ್ದು ಮರ್ರೆಯ ಫೋನಿನಲ್ಲಿ ಸಿಕ್ಕ, ಮೇ ತಿಂಗಳ ಒಂದು ಧ್ವನಿಮುದ್ರಿಕೆ: ಔಷಧದ ಅಮಲಿನಲ್ಲಿ ತೊದಲುತ್ತಿರುವ ಜಾಕ್ಸನ್. ರೋಗಿಯ ಆ ಸ್ಥಿತಿಯನ್ನು ಕೇಳಿಸಿಕೊಂಡು, ಮುದ್ರಿಸಿಕೊಂಡು, ಆಮೇಲೂ ಬಾಟಲಿಗಳಿಗೆ ಆರ್ಡರ್ ಕೊಡುತ್ತಲೇ ಇದ್ದರು. ಜೈಲುಗಳು ತುಂಬಿ ತುಳುಕುತ್ತಿದ್ದುದರಿಂದ ಮರ್ರೆ ಎರಡು ವರ್ಷವೂ ತುಂಬದೆ, 2013ರ ಅಕ್ಟೋಬರ್‌ನಲ್ಲಿ ಹೊರಬಂದರು.

ಗಾಯಕ ಎಲ್ವಿಸ್ ಪ್ರೀಸ್ಲಿಯ ವೈದ್ಯ ಜಾರ್ಜ್ ನಿಕೊಪೌಲಸ್‌ಗೆ ಹೀಗಾಗಿರಲಿಲ್ಲ. 1977ರ ಆಗಸ್ಟ್‌ನಲ್ಲಿ 42ರ ಎಲ್ವಿಸ್ ಸತ್ತಾಗ, ಆ ವರ್ಷದ ಎಂಟು ತಿಂಗಳಲ್ಲಿ ಈ ವೈದ್ಯರು ಬರೆದುಕೊಟ್ಟ ಮಾತ್ರೆ, ಇಂಜೆಕ್ಷನ್ನುಗಳ ಲೆಕ್ಕ 10,000ವನ್ನು ದಾಟಿತ್ತು. ನಾನು ಕೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದ, ನಾನು ಹತೋಟಿಯಲ್ಲಿಟ್ಟಿದ್ದೆ ಎಂಬುದು ಅವರ ಸಮರ್ಥನೆ. 1981ರಲ್ಲಿ ಮೆಂಫಿಸ್‌ನ ಜ್ಯೂರಿ ಅವರನ್ನು ಬಿಟ್ಟುಬಿಟ್ಟಿತು. ಪರವಾನಗಿ ಶಾಶ್ವತವಾಗಿ ಹೋದದ್ದು 1995ರಲ್ಲಿ. ಮರ್ರೆಯದೂ ಅದೇ ವಾದದ ಇನ್ನೊಂದು ರೂಪ, ಬಿಡಿಸಲೆಂದೇ ಕೊಡುತ್ತಿದ್ದೆ ಎಂಬುದು. ಇದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಚಟ ಬಿಡಿಸುವ ವೈದ್ಯರು ಪ್ರಮಾಣ ಇಳಿಸುತ್ತ ಔಷಧ ಕೊಡುವುದು ಇದ್ದೇ ಇದೆ. ಆದರೆ ಅವರು ಪ್ರತಿ ಸಲವೂ ಬರೆದಿಡುತ್ತಾರೆ. ‘ಫ್ರೆಂಡ್ಸ್’ ಧಾರಾವಾಹಿಯ ಮ್ಯಾಥ್ಯೂ ಪೆರ್ರಿ 2023ರಲ್ಲಿ ಕೆಟಮಿನ್‌ನಿಂದ ಸತ್ತ ಪ್ರಕರಣದಲ್ಲಿ ಇಷ್ಟು ವಾದವೂ ಏಳಲಿಲ್ಲ. ಇಬ್ಬರು ವೈದ್ಯರು ತಪ್ಪೊಪ್ಪಿಕೊಂಡರು.

ನಮ್ಮಲ್ಲಿ ವೈದ್ಯರ ನಿರ್ಲಕ್ಷ್ಯವನ್ನು ಕ್ರಿಮಿನಲ್ ಅಪರಾಧವೆನ್ನಲು ಗೆರೆ ಎಳೆದದ್ದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್. ಚಿಕಿತ್ಸೆ ಫಲಿಸದಿದ್ದರೆ, ಅಂದಾಜು ತಪ್ಪಿದರೆ ಸಾಲದು, ನಿರ್ಲಕ್ಷ್ಯ ಘೋರವಾಗಿರಬೇಕು, ಬೇರೊಬ್ಬ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು ಎಂದಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷ. ರಾತ್ರಿಯಿಡೀ ಐಸಿಯುನಲ್ಲಿ ಓಡಾಡುವ ವೈದ್ಯರನ್ನು ಪ್ರತಿ ಸಾವಿಗೂ ಠಾಣೆಗೆ ಎಳೆಯಬಾರದೆಂಬುದು ಆ ತೀರ್ಪಿನ ಕಾಳಜಿ, ಸರಿಯಾದದ್ದೇ. ಮರ್ರೆಯ ಪ್ರಕರಣ ಆ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ತಪ್ಪಿದ್ದು ಅಂದಾಜು ಅಲ್ಲ, ಅಂದಾಜು ಮಾಡಲು ಬೇಕಾದ್ದನ್ನೇ ಇಟ್ಟುಕೊಂಡಿರಲಿಲ್ಲ.

ತಮಾಷೆಯೆಂದರೆ ಇನ್ನೊಂದು ಜ್ಯೂರಿ ಬೇರೆ ಮಾತು ಹೇಳಿತು. ಪ್ರದರ್ಶನ ಏರ್ಪಡಿಸಿದ್ದ ಎಇಜಿ ಲೈವ್ ಕಂಪನಿ ಅಯೋಗ್ಯ ವೈದ್ಯನನ್ನು ನೇಮಿಸಿತು ಎಂದು ಜಾಕ್ಸನ್ ತಾಯಿ ಹೂಡಿದ ದಾವೆ ಐದು ತಿಂಗಳು ನಡೆಯಿತು. 2013ರ ಅಕ್ಟೋಬರ್ 2ರಂದು ಜ್ಯೂರಿ ಉತ್ತರ ಕೊಟ್ಟಿತು. ಮರ್ರೆಯನ್ನು ಕಂಪನಿ ನೇಮಿಸಿತ್ತೇ? ಹೌದು. ಯಾವ ಕೆಲಸಕ್ಕೆ ನೇಮಿಸಿತ್ತೋ ಆ ಕೆಲಸಕ್ಕೆ ಅವರು ಅಯೋಗ್ಯರಾಗಿದ್ದರೇ? ಇಲ್ಲ. ಕಂಪನಿ ಒಂದು ಡಾಲರೂ ಕೊಡಬೇಕಾಗಲಿಲ್ಲ. ಮರ್ರೆ ನೀತಿವಂತರು ಎಂದು ಇದರ ಅರ್ಥವಲ್ಲ ಎಂದು ಜ್ಯೂರಿಯ ಮುಖ್ಯಸ್ಥರು ಹೊರಗೆ ಬಂದು ಸುದ್ದಿಗಾರರಿಗೆ ವಿವರಿಸಬೇಕಾಯಿತು. ಪದವಿ ಇತ್ತು, ಪರವಾನಗಿ ಇತ್ತು, ಕೆಲಸ ಮಾಡುವ ಹಕ್ಕೂ ಇತ್ತು. ನೇಮಕದ ಕಾಗದದಲ್ಲಿ ಬರೆದದ್ದು ಸಾಮಾನ್ಯ ವೈದ್ಯಕೀಯ ಆರೈಕೆ ಎಂದು. ಪ್ರೊಪೊಫಾಲ್ ಎಂಬ ಶಬ್ದ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.